ಮಲ್ಲಮ್ಮನ ಹಾಜರಿಯ ಕಸ್ತೂರಿಬಾಯಿ

ತಡೆಯಿರಿ, ಪುಟ ತಿರುಗಿಸಬೇಡಿ. ಇದನ್ನೊಂದು ಕೇಳಿಬಿಡಿ. ಎರಡು ವರ್ಷದಿಂದ ದಿನಾ ಕೆಲಸಕ್ಕೆ ಬರುವ ಹೆಂಗಸೊಬ್ಬಳು ನಮ್ಮ ಮಿಲ್ಲಿನ ರಿಜಿಸ್ಟರಿನಲ್ಲಿ ಇಲ್ಲವೇ ಇಲ್ಲ.

ನಾನು ಆಳಂದದ ಹೊರಗಿನ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ಚೀಲ ತೂಗುವವನು. ಕಳೆದ ತಿಂಗಳು ಅಲ್ಲಿಗೆ ಬೇಳೆ ಆರಿಸುವ ಮಷೀನ್ ಬಂತು. ಬಂದ ವಾರವೇ ಹನ್ನೊಂದು ಹೆಂಗಸರಿಗೆ ‘ನಾಳೆಯಿಂದ ಬರಬೇಡಿ’ ಅಂದರು. ನೋಟಿಸ್ ಇಲ್ಲ, ಕಾರಣ ಇಲ್ಲ. ಅವರು ಬುತ್ತಿ ಗಂಟು ಎತ್ತಿಕೊಂಡು ನರೋಣಾ ಬಸ್ ಹತ್ತಿದರು, ಅಷ್ಟೇ.

ಆವತ್ತಿನಿಂದ ನನಗೆ ಒಂದೇ ಗುಂಗು. ಯೂನಿಯನ್. (ಕಾನೂನು ಓದಿದವನಲ್ಲ, ಊಟದ ಹೊತ್ತಿನಲ್ಲಿ ಮೊಬೈಲ್ ನೋಡಿ ಕಲಿತವನು.) ತಗಡಿನ ತೂತಿನಿಂದ ಬಿಸಿಲು ಇಳಿಯುತ್ತದೆ, ಬೇಳೆಯ ಧೂಳು ಅದರಲ್ಲಿ ಮೆಲ್ಲಗೆ ತೇಲುತ್ತದೆ, ಆ ಧೂಳಿನೊಳಗೇ ನನಗೊಂದು ಸಂಘದ ಕೋಣೆ ಕಾಣುತ್ತದೆ. ನೀಲಿ ಬಾಗಿಲು, ಒಂದು ಬೆಂಚು, ಮಣ್ಣಿನ ಕೊಡದಲ್ಲಿ ತಣ್ಣೀರು. ಆ ಹನ್ನೊಂದು ಮಂದಿ ಬಂದು ಕೂರುತ್ತಾರೆ. ಅವರನ್ನು ಯಾರೂ ಎಬ್ಬಿಸುವುದಿಲ್ಲ. ಹೀಗೆ ಕನಸು ಕಾಣುತ್ತ ತೂಗಿದ ಚೀಲವನ್ನೇ ಎಷ್ಟೋ ಸಲ ಮತ್ತೆ ತೂಗಿದ್ದೇನೆ.

ಸಂಘ ನೋಂದಾಯಿಸಲು ಕೆಲಸದಲ್ಲಿರುವ ಏಳು ಮಂದಿಯಾದರೂ ಸಹಿ ಹಾಕಬೇಕು. ನಾನು, ಮತ್ತೆ ಧೈರ್ಯ ಮಾಡಿದ ಆರು ಹೆಂಗಸರು. ಸರಿಹೋಯಿತಲ್ಲ? ದೊಡ್ಡ ಶಾಣ್ಯಾನಂತೆ ಹಾಜರಿ ರಿಜಿಸ್ಟರ್ ನೋಡಿ ಹೆಸರುಗಳನ್ನು ಚೆಂದಾಗಿ ಬರೆದುಕೊಂಡು ಹೋಗಿ ಓದಿದೆ. “ಮಲ್ಲಮ್ಮ.”

ನಾವೆಲ್ಲ ಮಲ್ಲಮ್ಮ ಅಂತಲೇ ಕರೆಯುವ ನರೋಣಾದ ಹೆಂಗಸು ನಕ್ಕಳು.

“ಮಲ್ಲಮ್ಮ ಮನ್ಯಾಗ ರೊಟ್ಟಿ ಬಡ್ಯಾಕತ್ತಾಳ ತಮ್ಮಾ. ಆಕಿ ನನ್ನ ನೆಗೆಣ್ಣಿ. ನಾ ಕಸ್ತೂರಿಬಾಯಿ.”

ಮೈದುನನ ಹೆಂಡತಿ ಮಲ್ಲಮ್ಮನಿಗೆ ಮೊಣಕಾಲು ನೋವು ಹಿಡಿದಾಗ ಈಕೆ ಆ ಜಾಗಕ್ಕೆ ಬಂದಳು. ಹೆಸರು ಅದೇ ಉಳಿಯಿತು. ನಮ್ಮ ಕಡೆ ಇದು ನಡೆದುಕೊಂಡು ಬಂದದ್ದೇ. ಅತ್ತೆಯ ಹಾಜರಿಗೆ ಸೊಸೆ, ಅಕ್ಕನ ಹಾಜರಿಗೆ ತಂಗಿ. ಕೈ ಬಂದರೆ ಸಾಕು, ಹೆಸರು ಯಾರದಾದರೇನು?

ಇನ್ನೂ ಮೂವರು ಸೆರಗು ಸರಿಮಾಡಿಕೊಂಡು, “ನಾವೂ ಹಂಗರೀ” ಅಂದರು. ನನ್ನ ಏಳು ಮಂದಿಯ ಯೂನಿಯನ್ ಮೂವರಿಗೆ ಇಳಿಯಿತು.

“ಇರಲಿ ಬಿಡ್ರಿ, ಮಲ್ಲಮ್ಮ ಅಂತನೇ ಸಹಿ ಮಾಡ್ರಿ,” ಅಂದೆ. (ಈಗ ನೆನೆದರೆ ನಾಚಿಕೆ.)

“ಎರಡ ವರ್ಷ ಬ್ಯಾಳಿ ಆಕಿ ಹೆಸರ್ಲೆ ಆರಿಸೀನಿ. ಸಂಘಾನೂ ಆಕಿ ಹೆಸರ್ಲೇ ಕಟ್ಟಲೇನೋ?”

ಸ್ವಂತ ಹೆಸರು ಹೇಳಿದರೆ ಇರುವ ಕೆಲಸವೂ ಹೋಗಬಹುದು. ಹೇಳದಿದ್ದರೆ ಸಂಘವಿಲ್ಲ, ಆ ಹನ್ನೊಂದು ಮಂದಿಯ ಪರವಾಗಿ ಕೇಳುವವರಿಲ್ಲ. ಏನು ಮಾಡುತ್ತೀರಿ?

ಆಕೆ ಮರುದಿನ ನೇರ ಹೋಗಿ ಹಾಜರಿ ಬರೆಯುವ ಮುನ್ಷಿಯ ಮೇಜಿನ ಮುಂದೆ ನಿಂತಳು. “ನನ್ನ ಹೆಸರ ಬರ್ಕೋರಿ. ಕಸ್ತೂರಿಬಾಯಿ.”

“ಬರದ್ರ ನೀ ಹೊಸಾಕಿ ಆದಿ ಬೇ. ಹೊಸಬರನ್ನ ತಗೋಬ್ಯಾಡ ಅಂದಾರ ಮಾಲಕರು. ಮಲ್ಲಮ್ಮ ಆಗೇ ಇದ್ರ ನಿನಗೇನ್ ತ್ರಾಸ?”

“ನಾಳೆ ಮಲ್ಲಮ್ಮನ್ನ ತಗದೀವಿ ಅಂದ್ರ, ಹೋದಾಕಿ ಯಾರ್ರೀ? ಆಕಿ ಮನ್ಯಾಗೇ ಅದಾಳ.”

ಮುನ್ಷಿ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಆಕೆ ಹೋಗಿ ಬಾಗಿಲ ಬಳಿ ಕುಳಿತಳು. ‘ನಾವೂ ಹಂಗರೀ’ ಅಂದಿದ್ದ ಆ ಮೂವರೂ ಮೊರ ಬಿಟ್ಟು ಬಂದರು. ಮಷೀನ್ ಬೇಡವೆಂದು ಹೊರಹಾಕಿದ ಬೇಳೆಯನ್ನು ನಮ್ಮಲ್ಲಿ ಇನ್ನೂ ಕೈಯಿಂದಲೇ ಆರಿಸಬೇಕು, ಅದೂ ಎದುರುಬದುರು ಕುಳಿತು. ಒಬ್ಬಳು ಆರಿಸಿದ್ದನ್ನು ಎದುರಿನವಳು ನೋಡಿದ ಮೇಲೆಯೇ ಚೀಲಕ್ಕೆ. ನಾಲ್ವರು ಎದ್ದರೆ ಎದುರಿನ ನಾಲ್ವರಿಗೂ ಕೆಲಸವಿಲ್ಲ. ನನ್ನ ಕಡೆ ಚೀಲ ಬರುವುದು ನಿಂತಿತು. ಗಾಳಿಯಲ್ಲಿದ್ದ ಧೂಳು ಕೂಡ ನಿಧಾನವಾಗಿ ನೆಲಕ್ಕಿಳಿದು, ಮಿಲ್ಲು ಯಾರೋ ಮಲಗಿದ ಮನೆಯಂತೆ ಶಾಂತವಾಯಿತು.

ಊಟದ ಹೊತ್ತು ದಾಟಿದ ಮೇಲೆ ಮುನ್ಷಿ ಮಾಲಕರ ಜೊತೆ ಫೋನಿನಲ್ಲಿ ಏನೋ ಮಾತಾಡಿ, ರಿಜಿಸ್ಟರಿನ ಹೊಸ ಹಾಳೆ ತೆರೆದ. “ಏನಂದಿ ಹೆಸರು?”

ಕಸ್ತೂರಿಬಾಯಿ ಅವಸರವಿಲ್ಲದೆ, ತನ್ನ ಹೆಸರು, ಊರಿನ ಹೆಸರು, ಎರಡನ್ನೂ ಹೇಳಿದಳು. ಹಿಂದೆ ಮೂವರು ಸಾಲಾಗಿ ನಿಂತರು.

ಸಂಘದ ಅರ್ಜಿ ಈಗ ಹೋಗಿದೆ. ಹನ್ನೊಂದು ಮಂದಿ ವಾಪಸ್ ಬರುತ್ತಾರೋ ಇಲ್ಲವೋ, ಗೊತ್ತಿಲ್ಲ. ಕೇಳುವುದಕ್ಕಂತೂ ಏಳು ಜನ ಇದ್ದೇವೆ.

ನೀವು ಯಾರ ಹೆಸರಿನಲ್ಲಿ ದುಡಿದಿದ್ದೀರಿ? ನಿಮ್ಮ ಹೆಸರಿನಲ್ಲಿ ಯಾರು ದುಡಿದರು? ಬರೆದು ಕಳಿಸಿ. ಕೆಳಗೆ ಮಾತ್ರ ನಿಮ್ಮದೇ ಹೆಸರಿರಲಿ.