ನಾಯಿಗಳಿಗೆ ‘ರೀ’ ಅನ್ನುತ್ತಿದ್ದ ಡಾಕ್ಟರು

ದಸ್ತಗೀರ ಡಾಕ್ಟರು ಗಂಡಸರನ್ನು ಏಕವಚನದಲ್ಲಿ, ನಾಯಿಗಳನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಮುದ್ದೇಬಿಹಾಳದ ದನದ ದವಾಖಾನೆಯಲ್ಲಿ ಎಮ್ಮೆ ಹಿಡಿದು ನಿಂತ ಗೌಡರಿಗೂ “ಏ, ಅತ್ತಾಗ ಸರಿ” ಎನ್ನುವರು. ಬೀದಿನಾಯಿ ಬಂದರೆ ಮೊಣಕಾಲೂರಿ ಕೂತು, “ಬರ್ರಿ ಅಕ್ಕಾರ, ಏನ ತ್ರಾಸ ಆಗೇತಿ?” ಎಂದು ಕೇಳುವರು. ಹೆಂಡತಿ ತೀರಿ ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಮಧ್ಯಾಹ್ನ ಮೆಟ್ಟಿಲ ಮೇಲೆ ಒಬ್ಬರೇ ರೊಟ್ಟಿ ತಿನ್ನುತ್ತಿದ್ದರು.

ನಾನು ಹೈಸ್ಕೂಲ್ ಶಿಕ್ಷಕಿ. ಬಾಡಿಗೆ ಮನೆಯಲ್ಲಿ ನಾನು, ನನ್ನ ಹೆಣ್ಣುನಾಯಿ ಚಂದ್ರಿ, ಇಬ್ಬರೇ. ಒಮ್ಮೆ ಚಂದ್ರಿ ನನ್ನ ಹಳೆಯ ಕಾಲುಚೀಲವನ್ನು ಮಂಚದ ಕೆಳಗೆ ಒಯ್ದು ನೆಕ್ಕುತ್ತಾ ಮಲಗಿತು. ಹತ್ತಿರ ಹೋದರೆ ಗುರುಗುಟ್ಟುವುದು. ಗಂಡುನಾಯಿಯ ಸಂಗವೇ ಆಗಿರಲಿಲ್ಲ, ಆದರೂ ಮೊಲೆಗಳಿಂದ ಹಾಲು ಜಿನುಗುತ್ತಿತ್ತು. ದವಾಖಾನೆಗೆ ಕರೆದೊಯ್ದೆ.

“ಬೆದಿಗೆ ಬಂದು ಎಷ್ಟ ದಿನಾ ಆತ್ರಿ?” ಎಂದರು ಡಾಕ್ಟರು.

“ಎರಡು ತಿಂಗಳಾಗಿರಬೇಕ್ರಿ.”

“ಸುಳ್ಳು ಬಸಿರು ಇದು. ಮಿದುಳಿನ ಬುಡದಾಗಿಂದ ಪ್ರೊಲ್ಯಾಕ್ಟಿನ್ ಅನ್ನೂ ಹಾರ್ಮೋನು ಬರತೈತಿ, ಹಾಲು ಇಳಸು ಅಂತ ಹೇಳತೈತಿ. ಮರಿ ಐತೋ ಇಲ್ಲೋ ಅದಕ್ಕೇನ ಗೊತ್ತು? ಹಾಲು ಹಿಂಡಬ್ಯಾಡ್ರಿ, ಹಿಂಡಿದಷ್ಟೂ ಬರತೈತಿ. ಆ ಕಾಲಚೀಲಾ ಕಸಗೋಬ್ಯಾಡ್ರಿ, ಎರಡು ಮೂರು ವಾರದಾಗ ತಾವ ಬಿಡತಾರ. ಇವರಿಗೇನ ಹುಚ್ಚು ಹಿಡಿದಿಲ್ಲ.”

ಏಳನೇ ತಿಂಗಳಿಗೆ ಹುಟ್ಟಿ, ಉಸಿರೇ ಆಡದ ನನ್ನ ಮಗು ನೆನಪಾಯಿತು. ಮೂರನೆಯ ದಿನ ನನಗೂ ಹಾಲು ಬಂದಿತ್ತು. ಅತ್ತೆ ಎದೆಗೆ ಬಟ್ಟೆ ಬಿಗಿದು, ಮರೆತುಬಿಡು ಎಂದಿದ್ದರು. ಆ ಮದುವೆಯೂ ಉಳಿಯಲಿಲ್ಲ. ಡಾಕ್ಟರ ಮುಂದೆ ಅತ್ತುಬಿಟ್ಟೆ. ಯಾಕೆಂದು ಅವರು ಕೇಳಲಿಲ್ಲ. ಚಂದ್ರಿಯ ಕಿವಿ ಸವರುತ್ತಾ ಕೂತಿದ್ದರು.

ಮರುವರ್ಷ ಬೆದೆ ಮುಗಿದು ತಿಂಗಳಾಗಿತ್ತು. ಚಂದ್ರಿ ಅನ್ನ ಬಿಟ್ಟು ಬರೀ ನೀರು ಕುಡಿಯತೊಡಗಿತು, ಹೊಟ್ಟೆ ಉಬ್ಬಿತು. ಪಕ್ಕದ ಮನೆಯವರು ಎಮ್ಮೆ ಹಾಲಿಳಿಸಲೆಂದು ಇಟ್ಟುಕೊಂಡಿದ್ದ ಆಕ್ಸಿಟೋಸಿನ್ ಇಂಜೆಕ್ಷನ್ ನನ್ನ ಕೈಗಿಟ್ಟು, ಇದನ್ನು ಚುಚ್ಚಿದರೆ ಒಳಗಿನದೆಲ್ಲ ಹೊರಗೆ ಬರುತ್ತದೆ ಎಂದರು. ಚಂದ್ರಿಯನ್ನು ದವಾಖಾನೆಗೆ ಒಯ್ದಾಗ ಡಾಕ್ಟರು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

“ಗರ್ಭಚೀಲದ ತುಂಬ ಕೀವು ಐತ್ರಿ. ಚೀಲದ ಬಾಯಿ ಮುಚ್ಚೇತಿ. ಈಗ ಇದನ್ನ ಕೊಟ್ಟು ಹಿಂಡಿಸಿದ್ರ ಒಳಗ ಒಡದ ಹೋಗತೈತಿ. ಚೀಲಾನ ತಗೀಬೇಕು.” ಆಮೇಲೆ ದನಿ ತಗ್ಗಿಸಿ, “ಹ್ವಾದ ವರ್ಷನ ಮಕ್ಕಳಾಗದ ಆಪರೇಷನ್ ಮಾಡಸ್ರಿ ಅಂತ ನಾ ಹೇಳಬೇಕಿತ್ತು. ತಪ್ಪು ನಂದು” ಎಂದರು.

ನಾನು ಜಗಲಿಯಲ್ಲಿ ಸಂಜೆಯವರೆಗೆ ಕೂತೆ. ಅವರು ಕೈ ಕೂಡ ತೊಳೆಯದೆ ಹೊರಬಂದು, “ಉಸಿರಾಡಾಕತ್ತಾರ” ಎಂದಷ್ಟೇ ಹೇಳಿ ಒಳಗೆ ಹೋದರು.

ಚಂದ್ರಿ ಮತ್ತೆ ಆರು ವರ್ಷ ಬದುಕಿತು. ಅಷ್ಟರಲ್ಲಿ ಡಾಕ್ಟರು ನಿವೃತ್ತರಾಗಿ ಇಂಡಿ ಕಡೆಯ ತಮ್ಮ ಹಳ್ಳಿಗೆ ಹೋಗಿದ್ದರು. ಕೊನೆಯ ಸಲ ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು, ಬಹಳ ಸೊರಗಿದ್ದರು. ಚಂದ್ರಿ ಹೋದದ್ದನ್ನು ಹೇಳಿದೆ. ಯಾಕೋ, ಅಂದು ನಾನು ಅತ್ತದ್ದರ ಕಾರಣವನ್ನೂ ಹೇಳಿದೆ.

“ಹೆಸರು ಇಟ್ಟಿದ್ರೇನ್ರಿ?” ಎಂದರು ಅವರು.

ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

“ಮನಸ್ಸಿನಾಗ ಇಟ್ಟಿದ್ದೆ. ಗೌರಿ ಅಂತ.”

“ಗೌರಿ,” ಎಂದರು ಅವರು ಮೆಲ್ಲಗೆ. ಇಂಡಿ ಬಸ್ಸು ಬಂತು, ಹತ್ತಿ ಹೋದರು.

ಆ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ನನ್ನನ್ನು ಬಿಟ್ಟರೆ ನನ್ನ ಮಗಳ ಹೆಸರನ್ನು ಬಾಯ್ತೆರೆದು ಹೇಳಿದವರು ಅವರೊಬ್ಬರೇ.