ಎನ್‌ಕ್ವೈರಿಯವರು ಹೆಸರು ಹುಡುಕಿದ ಹಕ್ಕಿ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತವರಿಗೆ ಊರವರು ಇಟ್ಟ ಹೆಸರು ಎನ್‌ಕ್ವೈರಿ. ನಿವೃತ್ತರಾದ ಮೇಲೂ ಅದು ಬಿಡಲಿಲ್ಲ. ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಷ್ಟನೇ ಪ್ಲಾಟ್‌ಫಾರ್ಮಿಗೆ ಎಂಬುದನ್ನೆಲ್ಲ ಅರೆದು ಕುಡಿದಿದ್ದರು. ಕೆಲವರು ಕಳೆದುಹೋದ ಚಪ್ಪಲಿಯನ್ನೂ ಮಗಳಿಗೊಂದು ಗಂಡನ್ನೂ ಅಲ್ಲೇ ವಿಚಾರಿಸುತ್ತಿದ್ದರು. "ಗೊತ್ತಿಲ್ಲ" ಎಂಬ ಮಾತು ಆ ಕಿಟಕಿಯಿಂದ ಹೊರಬಿದ್ದದ್ದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ ಅವರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಇದೂ ಒಂದು ರೋಗವೇ.

ಅವರ ಹೆಂಡತಿಯೋ ಅರಳು ಹುರಿದಂತೆ ಮಾತಾಡುವ ಹೆಂಗಸು. ಲಕ್ವ ಹೊಡೆದ ದಿನ ಆ ಬಾಯಿ ಮುಚ್ಚಿತು. ಬಲಗೈ ಮೆಲ್ಲಮೆಲ್ಲಗೆ ಮರಳಿತು, ಮಾತು ಮರಳಲಿಲ್ಲ. "ಅವರಾಗೇ ಏನಾದ್ರೂ ಹೇಳ್ಬೇಕು, ಎಳೆದ್ರೆ ಬರೋದಲ್ಲ ಅದು" ಎಂದಿದ್ದರು ಡಾಕ್ಟರು. ಐದು ತಿಂಗಳು ಆಕೆ ಹೊಲದ ಕಡೆಯ ಕಿಟಕಿಯ ಬಳಿ ತುಟಿ ಪಿಟಕ್ಕೆನ್ನದೆ ಕೂತರು. ಮನೆಯ ಗಡಿಯಾರ ಸದ್ದು ಮಾಡುತ್ತದೆಂಬುದು ಎನ್‌ಕ್ವೈರಿಯವರಿಗೆ ಆಗಲೇ ತಿಳಿದದ್ದು.

ಒಂದು ಬೆಳಗ್ಗೆ ಅವರು ಒಗೆದ ಬಟ್ಟೆ ಮಡಚುತ್ತಿದ್ದಾಗ ಆಕೆ ಕಿಟಕಿಯತ್ತ ಗದ್ದ ಎತ್ತಿ, "ರೀ... ಅದ್ಯಾವ... ಹಕ್ಕಿ?" ಎಂದರು.

ಟವೆಲು ಕೈಜಾರಿತು. ಕೊಯ್ಲಾದ ಹೊಲದ ಮೇಲೆ ಬೆಳ್ಳನೆಯ ಹಕ್ಕಿಯೊಂದು ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತಿತ್ತು. "ಗೊತ್ತಿಲ್ಲ ಕಣೇ" ಎಂದು ಜೀವಮಾನದಲ್ಲಿ ಮೊದಲ ಸಲ ಹೇಳಿ, ನಗುತ್ತಲೇ ಅತ್ತುಬಿಟ್ಟರು.

ಮರುದಿನವೂ ಅದೇ ಪ್ರಶ್ನೆ. ಮೂರನೆಯ ದಿನ "ಕಾಲು ಇಳಿಬಿಟ್ಟಿದೆ ನೋಡಿ" ಎಂಬುದೂ ಸೇರಿತು. ವಾರದೊಳಗೆ "ಹೆಗಲು ಕಪ್ಪು" ಎಂಬುದೂ ಬಂತು. ದೇವರು ಕಣ್ಣು ಬಿಟ್ಟ ಎಂದುಕೊಂಡು ಈ ಪುಣ್ಯಾತ್ಮ ಸುಮ್ಮನಿರಬಾರದೆ? ಪ್ರಶ್ನೆ ಬಾಕಿ ಉಳಿದಿದೆಯಲ್ಲ! ಹಾಲಿನವನನ್ನು ಕೇಳಿದರು, ಅವನು ಪಾರಿವಾಳ ಎಂದ. ದನದ ಡಾಕ್ಟರು, "ನಾಲ್ಕು ಕಾಲಿದ್ರೆ ಹೇಳಿಬಿಡ್ತಿದ್ದೆ ಸಾರ್" ಎಂದರು. ಕೊನೆಗೆ ಲೈಬ್ರರಿಯಿಂದ ಪುಸ್ತಕ ತಂದು, ಕನ್ನಡಕ ಒರೆಸಿ ಒರೆಸಿ, ಹಿಡಿದೇಬಿಟ್ಟರು: ಬಿಳಿ ಮೈ, ಕಪ್ಪು ಹೆಗಲು, ಕೆಂಪು ಕಣ್ಣು, ಇಲಿಗೆ ಹೊಂಚು ಹಾಕುತ್ತ ಗಾಳಿಯಲ್ಲೇ ನಿಲ್ಲುವ ಅಭ್ಯಾಸ.

"ಸಿಕ್ತು ಕಣೇ! ಕಪ್ಪುಹೆಗಲಿನ ಹದ್ದು!"

ಆಕೆ ಚಿತ್ರ ನೋಡಿದರು, ಹೊಲ ನೋಡಿದರು, ಹೌದೆಂದು ತಲೆಯಾಡಿಸಿದರು.

ಮರುದಿನ ಹಕ್ಕಿ ಬಂತು. ಆಕೆ ನೋಡಿದರು, ಕೇಳಲಿಲ್ಲ. ಅದರ ಮರುದಿನವೂ ಕೇಳಲಿಲ್ಲ. ಬೆಕ್ಕು, ಮೋಡ, ಬೀದಿಯಲ್ಲಿ ಹೋಗುವವರು, ಏನು ತೋರಿಸಿದರೂ ಮಾತಿಲ್ಲ. ಫೋನಿನಲ್ಲಿ ಎಲ್ಲ ಕೇಳಿದ ಮಗಳು, "ಯಾಕಪ್ಪಾ ಹೆಸರು ಹೇಳೋಕೆ ಹೋದ್ರಿ?" ಎಂದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡೆನೆಂದು ಅವರಿಗೆ ಆಗ ಅರ್ಥವಾಯಿತು. ಆ ದಿನ ಅವರು ಊಟ ಮಾಡಲಿಲ್ಲ.

ಆಕೆ ಮಾತು ನಿಲ್ಲಿಸಿದ ಹನ್ನೊಂದನೆಯ ದಿನ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. "ನಾನು ಹೇಳಿದ್ದು ತಪ್ಪಾಯ್ತು ಕಣೇ. ಅದು ಆ ಹಕ್ಕಿ ಅಲ್ವಂತೆ. ಬೇರೆ ಯಾವ್ದೋ ಅಂತೆ. ಯಾವ್ದಿರಬಹುದು, ಹೇಳು?"

ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಕನ್ನಡಕ ತೆಗೆದು ಒರೆಸತೊಡಗಿದರು. ಆಕೆ ಅವರ ಮುಖವನ್ನೇ ನೋಡಿದರು. ಪುಸ್ತಕವನ್ನು ತೊಡೆಯ ಮೇಲೆ ಎಳೆದುಕೊಂಡು, ಒಂದೊಂದೇ ಪುಟ ಮಗುಚಿ, ಆ ಚಿತ್ರದ ಮೇಲೆ ಬೆರಳಿಟ್ಟರು. ನೀವು ಹೇಳಿದ್ದು ಸರಿಯಾಗೇ ಇದೆ, ಬಿಡಿ ಎನ್ನುವಂತೆ ಗಂಡನ ಕೈ ತಟ್ಟಿದರು. ಬಾಯಿ ತೆರೆಯಲಿಲ್ಲ.