ಗೇಜ್ ಕಡ್ಡಿಯ ಎರಡು ಗೆರೆ

ಲಾರಿ ಇಂಜಿನ್ನಿನ ಆಯಿಲ್ ನೋಡುವುದನ್ನು ನಾನು ಕಲಿತದ್ದು ಐವತ್ತು ದಾಟಿದ ಮೇಲೆ. ಖುಷಿಗೆ ಕಲಿತ ವಿದ್ಯೆಯೇನಲ್ಲ ಅದು.

ನಮ್ಮ ಯಜಮಾನರು ಲಾರಿ ಡ್ರೈವರು. ಗಾಡಿ ತಿಪಟೂರಿನ ಒಬ್ಬ ಸಾಹುಕಾರರದು. ಬಿಳಿಗೆರೆ ಸುತ್ತಿನ ತೋಟಗಳಲ್ಲಿ ಕಾಯಿ ಸುಲಿದು ಬಿಟ್ಟ ಮಟ್ಟೆಯನ್ನು ತುಂಬಿಕೊಂಡು ಹೋಗಿ ನಾರಿನ ಫ್ಯಾಕ್ಟರಿಗಳಿಗೆ ಹಾಕಿ ಬರುವುದು ಅವರ ಕೆಲಸ. ಸಂಜೆ ಲಾರಿ ನಮ್ಮ ಮನೆ ಪಕ್ಕದ ಬಯಲಲ್ಲೇ ನಿಲ್ಲುತ್ತಿತ್ತು. ಬೆಳಗ್ಗೆ ಎದ್ದು ಮುಖ ತೊಳೆಯುವುದಕ್ಕೂ ಮೊದಲು ಅವರು ಬಾನೆಟ್ ಎತ್ತುತ್ತಿದ್ದರು. ಗೇಜ್ ಕಡ್ಡಿಯನ್ನು ಎಳೆದು, ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಬಿಟ್ಟು, ಎಳೆದು, ಆಯಿಲ್ ಎಷ್ಟಿದೆ ಎಂದು ನೋಡುವರು. ಆಮೇಲೆ ರೇಡಿಯೇಟರಿನ ನೀರು. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡುವರು. ಕೊನೆಗೆ ಸೈಲೆನ್ಸರ್ ಪೈಪಿನ ಸುತ್ತ ಕೂತ ನಾರಿನ ಧೂಳನ್ನೆಲ್ಲ ಕೆರೆದು ತೆಗೆಯುವರು. ಮಟ್ಟೆ ಹೊರುವ ಗಾಡಿಗೆ ಆ ಧೂಳೇ ಶತ್ರು, ಕಾದ ಪೈಪಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಹೆಂಡತಿಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡದ ಮನುಷ್ಯ ಈ ಲಾರಿಗೆ ಮಾತ್ರ ದಿನಾ ನಾಡಿ ಹಿಡಿಯುತ್ತಾರಲ್ಲ ಎಂದು ನಾನು ಎಷ್ಟೋ ಸಲ ಹಂಗಿಸಿದ್ದುಂಟು.

ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ನನ್ನನ್ನೇ ಕರೆದರು.

"ಲೇ, ಸ್ವಲ್ಪ ಬಾ ಇಲ್ಲಿ. ಈ ಕಡ್ಡೀಲಿ ಎರಡು ಗೆರೆ ಅವೆಯಲ್ಲ, ಆಯಿಲ್ ಎಲ್ಲೀಗಂಟ ಅದೆ ನೋಡು."

"ಎರಡರ ಮಧ್ಯೆ ಅದೆ ಕಣ್ರೀ."

"ಮೇಲಿನ ಗೆರೆಗೆ ಹತ್ರವೋ, ಕೆಳಗಿನದಕ್ಕೋ?"

ನನಗೆ ಕೆಲಸ ಕಲಿಸುತ್ತಿದ್ದಾರೆ ಎಂದುಕೊಂಡೆ. ಒಳಗೊಳಗೇ ಹಿಗ್ಗಿದೆ ಕೂಡ. ಪಕ್ಕದ ಮನೆಯಾಕೆ, "ಏನಕ್ಕ, ಇನ್ಮೇಲೆ ನೀನೇ ಗಾಡಿ ಹೊಡ್ಕಂಡು ಹೋಯ್ತೀಯ?" ಎಂದು ಛೇಡಿಸಿದರೆ, "ಹೂಂ ಕಣೇ, ನಿನ್ನ ಕ್ಲೀನರ್ ಮಾಡ್ಕತೀನಿ, ಬಾ" ಎಂದಿದ್ದೆ. ಎಂಥ ದಡ್ಡಿ ನಾನು.

ಒಂದು ವಾರ ಕಳೆದಿರಬೇಕು. ಒರೆಸಿದ ಕಡ್ಡಿಯನ್ನು ವಾಪಸು ಇಳಿಸಲು ಹೋದವರು ಅದರ ತೂತು ಸಿಗದೆ ಆ ಕಡೆ ಈ ಕಡೆ ತಡವಿದರು. ಇಪ್ಪತ್ತೆಂಟು ವರ್ಷದಿಂದ ಅದನ್ನೇ ಮಾಡಿದ ಕೈ. ನನ್ನನ್ನು ಕರೆದದ್ದು ಕೆಲಸ ಕಲಿಸಲು ಅಲ್ಲ ಎಂದು ಆಗ ಹೊಳೆಯಿತು.

ಬೈದು, ಅತ್ತು, ಊಟ ಬಿಟ್ಟು, ಅಂತೂ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ ಎಂದರು ಡಾಕ್ಟರು. ನೋಟದ ಅಂಚು ಉಳಿದಿದೆ, ನಟ್ಟನಡುವೆ ಮಬ್ಬು. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ಸೂಜಿ ಹಾಕಬಹುದು, ಗಾಡಿಯನ್ನಂತೂ ಮುಟ್ಟಬೇಡಿ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಇವರು ನನ್ನ ಕಿವಿಯ ಹತ್ತಿರ ಬಾಗಿ, "ಯಾರ ಹತ್ರಾನೂ ಬಾಯಿ ಬುಡಬೇಡ. ಈ ರಸ್ತೆಗಳು ನಂಗೆ ಕಣ್ಮುಚ್ಕಂಡ್ರೂ ಗೊತ್ತು" ಎಂದರು.

ನಾನು ಬಾಯಿ ಬಿಡಲಿಲ್ಲ. ಊಟಕ್ಕೆ ಗತಿಯಿಲ್ಲದೆ ಅಲ್ಲ, ನಮ್ಮ ತೌರಿನವರು ಕೊಟ್ಟ ತೆಂಗಿನ ತೋಟ ಇಬ್ಬರಿಗೆ ಸಾಕಿತ್ತು. ಡ್ರೈವರಣ್ಣ ಎಂದು ಊರು ಕರೆಯುವುದು ನಿಂತರೆ ಈ ಮನುಷ್ಯ ಮೂಲೆ ಹಿಡಿದುಬಿಡುತ್ತಾರೆ ಎಂಬ ಭಯ ನನಗೆ. ಅದಕ್ಕೇ ಬೆಳಗಿನ ಕೆಲಸವನ್ನೆಲ್ಲ ನಾನೇ ವಹಿಸಿಕೊಂಡೆ. ಆಯಿಲ್, ನೀರು, ಬೆಲ್ಟು, ಎಲ್ಲಾದರೂ ಡೀಸೆಲ್ ಸೋರುತ್ತಿದೆಯಾ ಎಂದು ಪೈಪಿನ ಉದ್ದಕ್ಕೂ ಬೆರಳಾಡಿಸುವುದು, ಧೂಳು ಗುಡಿಸುವುದು. ಕಸುಬು ಕೈಗೆ ಹತ್ತಿತು. ಇಂಜಿನ್ನಿಗೆ ಒಂದು ಕುಂದೂ ಇಲ್ಲದಂತೆ ನೋಡಿ, ಕಣ್ಣು ಕಾಣದವರನ್ನು ಅದಕ್ಕೆ ಹತ್ತಿಸಿ, "ಹುಷಾರು ಕಣ್ರೀ" ಎಂದು ಕಳಿಸುತ್ತಿದ್ದೆ. ಇದಕ್ಕಿಂತ ಮೂರ್ಖತನ ಇನ್ನೊಂದಿದೆಯೇ?

ದೀಪಾವಳಿ ಆದಮೇಲೆ ಒಂದು ದಿನ ಕೆಂಕೆರೆಗೆ, ನಮ್ಮ ನಾದಿನಿಯ ಮನೆಗೆ ನಾನು ಹೋಗಬೇಕಿತ್ತು. ಆ ಕಡೆ ಮಟ್ಟೆ ತುಂಬಲು ಖಾಲಿ ಗಾಡಿ ಹೊರಟಿತ್ತು, ಹತ್ತಿ ಕೂತೆ. ಚಿಕ್ಕನಾಯಕನಹಳ್ಳಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಗುಡ್ಡದ ಕಡೆಯಿಂದ ಒಂದು ಕುರಿಮಂದೆ ಇಳಿದು ರಸ್ತೆ ದಾಟುತ್ತಿತ್ತು. ಬಿಸಿಲು ಚೆನ್ನಾಗಿತ್ತು. ರಸ್ತೆ ನೇರವಾಗಿತ್ತು. ಗಾಡಿಯ ವೇಗ ಒಂದಿಷ್ಟೂ ಇಳಿಯಲಿಲ್ಲ. ನೋಡಿದ್ದಾರೆ, ಈಗ ಬ್ರೇಕ್ ಹಾಕುತ್ತಾರೆ ಎಂದುಕೊಂಡು ಕಾದೆ. ಹಾಕಲಿಲ್ಲ.

"ರೀ, ಕುರಿ!"

ಗಾಡಿ ಕಿರುಚಿಕೊಂಡು ನಿಂತಿತು. ಬಂಪರಿನಿಂದ ಎರಡು ಮಾರು ಆಚೆ ಒಬ್ಬ ಹೆಂಗಸು ಕುರಿಮರಿಯೊಂದನ್ನು ಎದೆಗವುಚಿಕೊಂಡು ಕಂಬದ ಹಾಗೆ ನಿಂತಿದ್ದಳು. ಬೈಯಲೂ ಅವಳಿಗೆ ಬಾಯಿ ಬರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ನೋಡಿದ್ದೆ ಬುಡು," ಎಂದರು ಇವರು. "ನಾಲ್ಕು ಕುರಿಗೆ ಯಾಕಂಗೆ ಅರಚ್ಕತೀಯ."

ಇವರಿಗೆ ಆ ಹೆಂಗಸು ಕಂಡೇ ಇರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಿಟ್ಟುಬಿಡಿ ಎಂದರೆ ಜಗಳ, ಸಾಹುಕಾರರಿಗೆ ಹೇಳಿದರೆ ಕಟ್ಟಿಕೊಂಡವರಿಗೇ ದ್ರೋಹ. ಬೆಳಗ್ಗೆ ಬಾನೆಟ್ ಎತ್ತಿ, ಕಡ್ಡಿ ಎಳೆದು, ಇವರೇ ಹಿಂದೊಮ್ಮೆ ಹೇಳಿಕೊಟ್ಟಿದ್ದನ್ನು ಇವರ ಮೇಲೇ ಬಿಟ್ಟೆ. ಆಯಿಲಿಗೆ ನೀರು ಸೇರಿದರೆ ಅದು ಬೆಳ್ಳಗಾಗುತ್ತದೆ, ಆಗ ಇಂಜಿನ್ ಸ್ಟಾರ್ಟ್ ಕೂಡ ಮಾಡಬಾರದು ಎಂದಿದ್ದರು.

"ಆಯಿಲ್ ಬೆಳ್ಳಗಾಗ್ಬುಟ್ಟದೆ ಕಣ್ರೀ. ಮಜ್ಜಿಗೆ ಥರ."

ಅವರು ಕಡ್ಡಿಯನ್ನು ಈಸಿಕೊಂಡರು. ತುದಿಯನ್ನು ಎರಡು ಬೆರಳ ನಡುವೆ ಉಜ್ಜಿದರು, ಮೂಸಿದರು.

"ಹೌದಾ?" ಎಂದರು.

"ಹೂಂ."

"ಹಂಗಾರೆ ಗಾಡಿ ತೆಗೆಯಂಗಿಲ್ಲ."

ಕಡ್ಡಿಯನ್ನು ಒರೆಸಿ, ತಡವಿ ತಡವಿ ಒಳಗಿಳಿಸಿ, ಬಾನೆಟ್ ಮುಚ್ಚಿ ಬಂದು ಜಗಲಿಯ ಮೇಲೆ ಕೂತರು. ನಾನು ಕಾಫಿಗೆ ಇಡಲು ಒಳಗೆ ಹೋದೆ. ಇವತ್ತೊಂದು ದಿನ ಗೆದ್ದೆ, ಮೆಕ್ಯಾನಿಕ್ ಬರುವ ಹೊತ್ತಿಗೆ ಇನ್ನೊಂದು ಸುಳ್ಳು ಹೊಂದಿಸಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಆಗ ಅವರು ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಗಾಡಿ ಚೆನ್ನಾಗೇ ಅದೆ ಸಾಹುಕಾರ್ರೇ. ಏನೂ ಆಗಿಲ್ಲ. ಬೇರೆ ಡ್ರೈವರ್‌ನ ಕಳ್ಸಿ, ಬೀಗದ ಕೈ ಕೊಡ್ತೀನಿ. ನಂಗೆ ಕಣ್ಣು ಕಾಣಕಿಲ್ಲ."

ಕಾಫಿ ಲೋಟ ಹಿಡಿದು ಅವರ ಮುಂದೆ ಹೋಗಿ ನಿಂತೆ. ಕೈ ಚಾಚಲಿಲ್ಲ. "ಕಾಫಿ" ಎಂದಮೇಲೆ ಚಾಚಿದರು.

"ಗೊತ್ತಾಗಿತ್ತಾ ನಿಮಗೆ?" ಎಂದೆ.

"ನೀರು ಸೇರಿದ ಆಯಿಲ್ ಬೆರಳಿಗೇ ಬೇರೆ ಥರ ಸಿಗ್ತದೆ ಕಣೇ. ನಿನ್ನೆ ಆ ಕುರಿ ಹತ್ರ ಯಾರೋ ನಿಂತಿದ್ರು, ಅಲ್ವಾ?"

"ಒಬ್ಬಳು ಹೆಂಗಸು."

ಅವರು ತಲೆಯಾಡಿಸಿದರು. ನನಗೆ ಸುಮ್ಮನಿರಲು ಆಗಲಿಲ್ಲ. "ನನ್ನ ಮುಖ ನೋಡೇ ಸುಳ್ಳು ಅಂತ ತಿಳ್ಕಂಡ್ರಿ ಅಂದ್ಕಂಡೆ. ತುಟಿ ಅದುರ್ತಿತ್ತು ನಂಗೆ."

"ಮುಖ ಎಲ್ಲಿ ಕಾಣ್ತದೆ," ಎಂದರು, ಸಿಟ್ಟಿಲ್ಲದೆ. "ನಿನ್ನ ಮುಖ ನೋಡಿ ಆರು ತಿಂಗಳಾಯ್ತು. ಸೀರೆ ಬಣ್ಣ ಕಾಣ್ತದೆ, ಮಾತು ಕೇಳ್ತದೆ. ಅಷ್ಟೇ."

ನಾನು ಅವರಿಂದ ಒಂದು ಮೊಳ ದೂರದಲ್ಲಿ ನಿಂತಿದ್ದೆ. ಇದನ್ನು ಅವರು ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಆ ಆರು ತಿಂಗಳೂ ದಿನಾ ಬೆಳಗ್ಗೆ ಇಂಜಿನ್ ನೋಡಿ, "ಎಲ್ಲಾ ಸರಿಯಾಗೇ ಅದೆ, ಹೊರಡಿ" ಎಂದು ಅವರನ್ನು ರಸ್ತೆಗೆ ಕಳಿಸಿದವಳು ನಾನೇ.